ಚಿನ್ನದ ಗೋಡೆಗೆ ಕಿಟಕಿ ತೆರೆದವರು: ಯೂರೋಪಿನ ಹಳೆಯ ಚಿತ್ರಗಳು ಬದಲಾಗುತ್ತಾ ಬಂದ ಕಥೆ

2025ರಲ್ಲಿ ಪ್ಯಾರಿಸಿನ ಲೂವ್ರ್ ಮ್ಯೂಸಿಯಂ ಎರಡು ಸಲ ದೊಡ್ಡ ಸುದ್ದಿಯಾಯಿತು. ಜನವರಿಯಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರೋನ್, ಮೋನಾಲೀಸಾ ಚಿತ್ರಕ್ಕೆ ಪ್ರತ್ಯೇಕ ಕೋಣೆಯನ್ನೇ ಮಾಡುತ್ತೇವೆ ಎಂದರು. ಅಕ್ಟೋಬರಿನಲ್ಲಿ ಹಾಡಹಗಲೇ ಕಳ್ಳರು ನುಗ್ಗಿ ರಾಜಮನೆತನದ ಒಡವೆ ಹೊತ್ತುಕೊಂಡು ಹೋದರು. ಯೂರೋಪ್ ಟೂರ್‌ಗೆ ಹೋಗುವ ನಮ್ಮವರ ಪಟ್ಟಿಯಲ್ಲೂ ಈ ಮ್ಯೂಸಿಯಂ ಇದ್ದೇ ಇರುತ್ತದೆ. ಬಸ್ಸಿನಿಂದ ಇಳಿದು, ಗುಂಪಿನ ಹಿಂದೆ ಓಡಿ, ಮೋನಾಲೀಸಾ ಮುಂದೆ ಒಂದು ಫೋಟೊ ತೆಗೆದುಕೊಂಡು ಬರುವುದರೊಳಗೆ ಸಮಯ ಮುಗಿದಿರುತ್ತದೆ.

ದಾರಿಯಲ್ಲಿ ನೂರಾರು ಚಿತ್ರಗಳು ಕಣ್ಣಿಗೆ ಬಿದ್ದಿರುತ್ತವೆ. ಕೆಲವದರಲ್ಲಿ ಜನ ಗೊಂಬೆಗಳ ಹಾಗೆ ನಿಂತಿದ್ದಾರೆ, ಹಿಂದೆಲ್ಲ ಬರೀ ಚಿನ್ನ. ಇನ್ನು ಕೆಲವದರಲ್ಲಿ ಈಗಲೇ ಮಾತಾಡುತ್ತಾರೇನೋ ಅನ್ನುವಷ್ಟು ಜೀವ. ಹಳೆಯವರಿಗೆ ಚಿತ್ರ ಬರೆಯಲು ಸರಿಯಾಗಿ ಬರುತ್ತಿರಲಿಲ್ಲ, ಆಮೇಲೆ ಕಲಿತರು ಅಂತ ನಮಗೆ ಅನಿಸುವುದು ಸಹಜ. ಆದರೆ ಅದು ಪೂರ್ತಿ ನಿಜವಲ್ಲ. ಚಿತ್ರದಿಂದ ಜನ ಬಯಸುತ್ತಿದ್ದ ಕೆಲಸವೇ ಬದಲಾಯಿತು. ದುಡ್ಡು ಕೊಡುವವರು ಬದಲಾದರು. ಬಣ್ಣ ಕಲಸುವ ಬಗೆ ಬದಲಾಯಿತು. ಇವನ್ನು ಗಮನಿಸಿದರೆ ಆರು ನೂರು ವರ್ಷಗಳ ಚಿತ್ರಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

## ಚಿನ್ನ ಯಾಕೆ?

ಸುಮಾರು 500ರಿಂದ 1400ರವರೆಗಿನ ಕಾಲವನ್ನು ಯೂರೋಪಿನ ಇತಿಹಾಸದಲ್ಲಿ ಮಧ್ಯಯುಗ ಎನ್ನುತ್ತಾರೆ. ಆಗ ಚಿತ್ರಗಳಲ್ಲಿ ಬಹುಪಾಲು ಚರ್ಚಿಗಾಗಿ ಆದವು. ಏಸು, ಮಾತೆ ಮೇರಿ, ಸಂತರು. ಅವರ ಹಿಂದೆ ಮರ, ಬೆಟ್ಟ, ಮನೆ ಏನೂ ಇಲ್ಲ. ಹಚ್ಚಿರುವುದು ಚಿನ್ನದ ರೇಕು.

ಉತ್ಸವಮೂರ್ತಿಗೆ ಚಿನ್ನದ ಕವಚ ತೊಡಿಸಿದಾಗ ನಾವು 'ಕೈ ಕಾಲು ಸಹಜವಾಗಿ ಕಾಣ್ತಿಲ್ಲ' ಎನ್ನುವುದಿಲ್ಲ ಅಲ್ವಾ? ಅಲ್ಲಿ ಕಾಣಬೇಕಾದದ್ದು ಮೈಕಟ್ಟಲ್ಲ, ತೇಜಸ್ಸು. ಈ ಚಿನ್ನದ ಹಿನ್ನೆಲೆಯೂ ಹಾಗೆಯೇ. ಅದು ಯಾವುದೋ ಊರಿನ ಆಕಾಶವಲ್ಲ. ಸ್ವರ್ಗದ ಬೆಳಕು. ಮೇಣದಬತ್ತಿಯ ಬೆಳಕಿನಲ್ಲಿ ಅದು ಅಲುಗುತ್ತಾ ಹೊಳೆಯುತ್ತಿತ್ತು. ಮೇರಿ ದೊಡ್ಡದಾಗಿ, ಪಕ್ಕದ ದೇವದೂತರು ಚಿಕ್ಕದಾಗಿ ಇರುವುದೂ ದೂರ ಹತ್ತಿರದ ಲೆಕ್ಕವಲ್ಲ, ಯಾರು ಹೆಚ್ಚು ಎಂಬ ಲೆಕ್ಕ.

ಮಾಡುವ ಕ್ರಮ ಹೀಗಿತ್ತು. ಮರದ ಹಲಗೆಯ ಮೇಲೆ ಗೆಸ್ಸೊ ಎಂಬ ಬಿಳಿ ಲೇಪ. ಚಿನ್ನ ಬರುವ ಕಡೆ ಕೆಂಪು ಜೇಡಿಮಣ್ಣಿನ ತೆಳು ಪದರ. ಅದರ ಮೇಲೆ ಚಿನ್ನದ ರೇಕು ಇಟ್ಟು, ನಯವಾದ ಕಲ್ಲಿನಿಂದ ಉಜ್ಜಿ ಹೊಳಪು. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಇದು ಓದಿದ ಕೂಡಲೇ ಅರ್ಥವಾಗುತ್ತದೆ. ಅವರೂ ಲೇಪದಿಂದ ಉಬ್ಬು ಮಾಡಿ ಚಿನ್ನದ ರೇಕು ಹಚ್ಚುತ್ತಾರೆ, ಆ ಕೆಲಸಕ್ಕೆ ಗೆಸ್ಸೊ ಎಂಬ ಹೆಸರನ್ನೇ ಬಳಸುತ್ತಾರೆ.

ಉಳಿದ ಭಾಗಕ್ಕೆ ಬಣ್ಣದ ಪುಡಿಯನ್ನು ಮೊಟ್ಟೆಯ ಹಳದಿಯಲ್ಲಿ ಕಲಸುತ್ತಿದ್ದರು. ಇದಕ್ಕೆ ಟೆಂಪರಾ ಎಂದು ಹೆಸರು. ತಟ್ಟೆಗೆ ಅಂಟಿದ ಮೊಟ್ಟೆ ಒಣಗಿದರೆ ತೊಳೆಯಲು ಎಷ್ಟು ಕಷ್ಟ ಗೊತ್ತಲ್ಲ, ಅಷ್ಟು ಗಟ್ಟಿಯಾಗಿ ಅದು ಹಿಡಿದುಕೊಳ್ಳುತ್ತದೆ. ಆದರೆ ಬೇಗ ಒಣಗಿಬಿಡುತ್ತದೆ. ಒಂದು ಬಣ್ಣವನ್ನು ಇನ್ನೊಂದರೊಳಗೆ ಮೆಲ್ಲಗೆ ಕರಗಿಸಲು ಪುರುಸೊತ್ತೇ ಇಲ್ಲ. ಅದಕ್ಕೇ ಸಣ್ಣ ಸಣ್ಣ ಗೆರೆ ಎಳೆದು ನೆರಳು ಮಾಡುತ್ತಿದ್ದರು.

ಚಿನ್ನದಷ್ಟೇ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಬೆಲೆ ಬಾಳುತ್ತಿದ್ದದ್ದು ನೀಲಿ. ಲಾಪಿಸ್ ಲಾಜುಲಿ ಎಂಬ ಕಲ್ಲು ಈಗಿನ ಅಫ್ಘಾನಿಸ್ತಾನದ ಬದಕ್ಷಾನ್ ಬೆಟ್ಟಗಳಿಂದ ವೆನಿಸ್ ಬಂದರಿಗೆ ಬರುತ್ತಿತ್ತು. ಅದನ್ನು ಅರೆದು ಮಾಡಿದ ಬಣ್ಣಕ್ಕೆ ಅಲ್ಟ್ರಾಮರೀನ್ ಎಂಬ ಹೆಸರು ಬಿತ್ತು. ಅಂದರೆ 'ಕಡಲಾಚೆಯದು'. ಮೇರಿಯ ಸೆರಗು ನೀಲಿಯಾಗಿರುವುದು ಸುಮ್ನೆ ಅಲ್ಲ. ತಾಯಿಗೆ ಅತ್ಯಂತ ಬೆಲೆಬಾಳುವ ಸೀರೆ ಉಡಿಸಿದ ಹಾಗೆ ಅದು. ಇಟಲಿಯ ಫ್ಲಾರೆನ್ಸ್ ಊರಿನ ಒಂದು ಅನಾಥಾಲಯ 1485ರಲ್ಲಿ ಗಿರ್ಲಾಂಡಯೊ ಎಂಬ ಕಲಾವಿದನೊಂದಿಗೆ ಮಾಡಿಕೊಂಡ ಕರಾರುಪತ್ರ ಉಳಿದಿದೆ. ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ (ಅಲ್ಲಿನ ಚಿನ್ನದ ನಾಣ್ಯ) ಬೆಲೆಯ ಅಲ್ಟ್ರಾಮರೀನನ್ನೇ ಹಚ್ಚಬೇಕು ಎಂದು ಅದರಲ್ಲಿ ಬರೆದಿದೆ. ಮನೆ ಕಟ್ಟಿಸುವಾಗ 'ಇಂಥ ಕಂಪನಿಯ ಸಿಮೆಂಟೇ ಹಾಕಬೇಕು' ಅಂತ ಕಂಟ್ರಾಕ್ಟರಿಗೆ ಬರೆದುಕೊಡುವುದಿಲ್ಲವೇ, ಹಾಗೆ.

## ಬೆನ್ನು ತಿರುಗಿಸಿ ಕುಳಿತ ಹೆಂಗಸರು

ಮೊದಲ ದೊಡ್ಡ ಬದಲಾವಣೆ ನೋಡಬೇಕೆಂದರೆ ಇಟಲಿಯ ಪಡುವಾ ಊರಿಗೆ ಹೋಗಬೇಕು. ಅಲ್ಲಿ ಸ್ಕ್ರೊವೆನ್ಯಿ ಎಂಬ ಶ್ರೀಮಂತ ಮನೆತನ ಕಟ್ಟಿಸಿದ ಪುಟ್ಟ ಪ್ರಾರ್ಥನಾ ಮಂದಿರವಿದೆ. ಕಟ್ಟಿಸಿದವನ ತಂದೆ ಬಡ್ಡಿ ವ್ಯವಹಾರಕ್ಕೆ ಹೆಸರಾದವನು. ಬಡ್ಡಿ ತಿನ್ನುವುದು ಆಗ ಪಾಪ. ಆ ಪಾಪ ಕಳೆಯಲು ಮಗ ಇದನ್ನು ಕಟ್ಟಿಸಿದ ಎಂಬ ಮಾತು ಹಿಂದಿನಿಂದಲೂ ಇದೆ. 1305ರಲ್ಲಿ ಅದರ ಪ್ರತಿಷ್ಠೆಯಾಯಿತು. ಗೋಡೆಗಳ ತುಂಬ ಚಿತ್ರ ಬರೆದವನು ಜೊಟ್ಟೊ.

ಅಲ್ಲಿ ಒಂದು ಚಿತ್ರದಲ್ಲಿ ಏಸುವಿನ ಶವವನ್ನು ತಾಯಿ ತೊಡೆಯ ಮೇಲೆ ಮಲಗಿಸಿಕೊಂಡು ಮುಖಕ್ಕೆ ಮುಖ ತಂದಿದ್ದಾಳೆ. ಮೇಲೆ ಪುಟ್ಟ ದೇವದೂತರು ಅಳುತ್ತಾ ಹೊರಳಾಡುತ್ತಿದ್ದಾರೆ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮುಂದೆ ಕುಳಿತ ಇಬ್ಬರು. ಅವರ ಬೆನ್ನು ನಮ್ಮ ಕಡೆಗಿದೆ. ಮುಖ ಕಾಣುವುದೇ ಇಲ್ಲ. ಸಾವಿನ ಮನೆಗೆ ಹೋದಾಗ ನಾವು ಹಿಂದೆ ನಿಂತರೆ ಕಾಣುವುದೂ ಹೀಗೆಯೇ. ಮುಂದೆ ಕೂತವರ ಬೆನ್ನುಗಳು, ಅವುಗಳ ನಡುವೆ ಮಲಗಿದ ದೇಹ. ಬೆನ್ನು ಕಂಡ ಕ್ಷಣವೇ ಚಿತ್ರಕ್ಕೆ ಮುಂದು, ಹಿಂದು ಬಂತು. ನಾವೂ ಆ ಗುಂಪಿನಲ್ಲಿ ಒಬ್ಬರಾದೆವು.

ಇದು ಫ್ರೆಸ್ಕೊ, ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬರೆದ ಚಿತ್ರ. ಹಸಿ ಸಿಮೆಂಟಿನ ಮೇಲೆ ನಾಯಿ ನಡೆದರೆ ಹೆಜ್ಜೆ ಅಲ್ಲೇ ಉಳಿದುಬಿಡುತ್ತದೆ. ಹಸಿ ಗಾರೆಗೆ ಹಚ್ಚಿದ ಬಣ್ಣವೂ ಹಾಗೆ. ಒಣಗುವಾಗ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡ್ ಜೊತೆ ಸೇರಿ ಮತ್ತೆ ಕಲ್ಲಿನಂತಾಗುತ್ತದೆ. ಬಣ್ಣದ ಪುಡಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಣ್ಣ ಗೋಡೆಯ ಮೇಲಿರುವುದಿಲ್ಲ, ಗೋಡೆಯೇ ಆಗಿಬಿಡುತ್ತದೆ. ಹಾಗಾಗಿ ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಗಾರೆ ಬಳಿಯುತ್ತಿದ್ದರು. ಹತ್ತಿರದಿಂದ ನೋಡಿದರೆ ಆ ದಿನಗೆಲಸದ ಅಂಚುಗಳು ಈಗಲೂ ಕಾಣುತ್ತವೆ.

ಫ್ಲಾರೆನ್ಸಿನ ಉಫ್ಫೀಝಿ ಮ್ಯೂಸಿಯಂಗೆ ಹೋಗುವವರಿಗೆ ಒಂದು ಸಲಹೆ. ಚಿಮಬೂಯೆ, ದುಚ್ಚೊ, ಜೊಟ್ಟೊ ಈ ಮೂವರು ಬರೆದ ಮೂರು ದೊಡ್ಡ ಮೇರಿ ಚಿತ್ರಗಳು ಅಲ್ಲಿವೆ. ಮೂರಕ್ಕೂ ಹಿಂದೆ ಚಿನ್ನವೇ. ಮೂರೂ ಸುಮಾರು ಮೂವತ್ತು ವರ್ಷಗಳ ಅಂತರದೊಳಗಿನವು. ಜೊಟ್ಟೊನ ಮೇರಿಯ ಮೊಣಕಾಲುಗಳನ್ನು ನೋಡಿ. ಬಟ್ಟೆಯ ಒಳಗೆ ನಿಜವಾದ ಕಾಲುಗಳಿವೆ, ಆಕೆ ನಿಜವಾಗಿ ಭಾರ ಬಿಟ್ಟು ಕುಳಿತಿದ್ದಾಳೆ ಅನಿಸುತ್ತದೆ.

## ದೂರಕ್ಕೂ ಒಂದು ಲೆಕ್ಕ

ಸುಮಾರು 1400ರಿಂದ 1600ರ ನಡುವಿನ ಕಾಲಕ್ಕೆ ರಿನೈಸಾನ್ಸ್, ಅಂದರೆ ಮರುಹುಟ್ಟು ಎಂಬ ಹೆಸರಿದೆ. ಹಳೆಯ ಗ್ರೀಕ್ ಮತ್ತು ರೋಮನ್ ವಿದ್ಯೆಯನ್ನು ಇಟಲಿಯವರು ಮತ್ತೆ ಹುಡುಕಿ ಓದಿದ ಕಾಲ. ಬಟ್ಟೆ ವ್ಯಾಪಾರ ಮತ್ತು ಬ್ಯಾಂಕಿನಿಂದ ಫ್ಲಾರೆನ್ಸಿನಂಥ ಊರುಗಳಲ್ಲಿ ದುಡ್ಡು ತುಂಬಿತ್ತು. ಲೆಕ್ಕ, ಅಳತೆ ಬಲ್ಲ ವ್ಯಾಪಾರಿಗಳೇ ಈಗ ಚಿತ್ರ ಬರೆಸುವವರು. ಚಿತ್ರದೊಳಗೂ ಲೆಕ್ಕ ಬಂತು.

ರೈಲು ಹಳಿಗಳ ನಡುವೆ ದೂರಕ್ಕೆ ನೋಡಿದರೆ ಎರಡೂ ಒಂದು ಬಿಂದುವಿನಲ್ಲಿ ಸೇರಿದಂತೆ ಕಾಣುತ್ತವೆ. ಆ ಬಿಂದು ಯಾವಾಗಲೂ ನಮ್ಮ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಕೂತರೆ ಅದೂ ಇಳಿಯುತ್ತದೆ, ಮಹಡಿ ಹತ್ತಿದರೆ ಅದೂ ಏರುತ್ತದೆ. ಇದನ್ನು ಎಲ್ಲರೂ ಕಂಡಿದ್ದರು. ಆದರೆ ಹಲಗೆಯ ಮೇಲೆ ಯಾವ ವಸ್ತು ಎಷ್ಟು ಚಿಕ್ಕದಾಗಬೇಕು ಎಂದು ತಪ್ಪಿಲ್ಲದೆ ಹೇಳುವ ಸೂತ್ರ ಬೇಕಿತ್ತು. ಆ ಸೂತ್ರಕ್ಕೇ ಪರ್ಸ್ಪೆಕ್ಟಿವ್ ಎನ್ನುವುದು.

ಅದನ್ನು ಮೊದಲು ತೋರಿಸಿಕೊಟ್ಟವನು ಬ್ರುನೆಲೆಸ್ಕಿ. ಫ್ಲಾರೆನ್ಸಿನ ದೊಡ್ಡ ಚರ್ಚಿಗೆ ಗುಮ್ಮಟ ಕಟ್ಟಿದವನು ಅವನೇ. 1420ಕ್ಕೂ ಸ್ವಲ್ಪ ಮುಂಚೆ ಅವನು ಮಾಡಿದ ಪ್ರಯೋಗ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಆ ಚರ್ಚಿನ ಎದುರಿಗಿರುವ, ದೀಕ್ಷಾಸ್ನಾನ ಮಾಡಿಸುವ ಕಟ್ಟಡವನ್ನು ಒಂದು ಪುಟ್ಟ ಹಲಗೆಯ ಮೇಲೆ ಬರೆದ. ಹಲಗೆಯಲ್ಲಿ ಒಂದು ತೂತು ಕೊರೆದ. ನೋಡುವವರು ಹಲಗೆಯ ಹಿಂಬದಿಯಿಂದ ಆ ತೂತಿಗೆ ಕಣ್ಣಿಟ್ಟು, ಎದುರಿಗೆ ಕನ್ನಡಿ ಹಿಡಿಯಬೇಕು. ಕನ್ನಡಿಯಲ್ಲಿ ಚಿತ್ರ ಕಾಣುತ್ತದೆ. ಕನ್ನಡಿ ಸರಿಸಿದರೆ ಅದೇ ಜಾಗದಲ್ಲಿ ನಿಜವಾದ ಕಟ್ಟಡ. ಎರಡೂ ಒಂದರ ಮೇಲೊಂದು ಕೂತಂತೆ ಹೊಂದುತ್ತಿದ್ದವು. ಆಕಾಶದ ಭಾಗಕ್ಕೆ ಅವನು ಬಣ್ಣ ಹಚ್ಚಲಿಲ್ಲ, ಹೊಳೆಯುವ ಬೆಳ್ಳಿ ಹಾಕಿದ. ಮೇಲೆ ತೇಲುವ ನಿಜವಾದ ಮೋಡ ಅದರಲ್ಲಿ ಹಾದುಹೋಗುತ್ತಿತ್ತು. ಆ ಹಲಗೆ ಈಗ ಉಳಿದಿಲ್ಲ.

1435ರಲ್ಲಿ ಆಲ್ಬೆರ್ಟಿ ಎಂಬ ವಿದ್ವಾಂಸ ಈ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಟ್ಟ. ಚಿತ್ರದ ಚೌಕಟ್ಟು ಒಂದು ತೆರೆದ ಕಿಟಕಿ, ಅದರಾಚೆ ಕಾಣುವುದನ್ನು ಬರೆಯುತ್ತೇನೆ ಎಂಬುದು ಅವನ ಮಾತಿನ ಸಾರ. ಅಲ್ಲಿಯವರೆಗೆ ಚಿತ್ರ ಹೊಳೆಯುವ ಗೋಡೆಯಾಗಿತ್ತು. ಈಗ ಗೋಡೆಗೆ ಕಿಟಕಿ ಬಂತು.

ಆಲ್ಬೆರ್ಟಿ ಬರೆಯುವುದಕ್ಕೂ ಮೊದಲೇ ಮಸಾಚ್ಚೊ ಎಂಬ ಹುಡುಗ ಇದನ್ನು ಮಾಡಿ ತೋರಿಸಿದ್ದ. ಫ್ಲಾರೆನ್ಸಿನ ಸಾಂತಾ ಮರಿಯಾ ನೊವೆಲ್ಲಾ ಚರ್ಚಿನಲ್ಲಿ ಸುಮಾರು 1427ರಲ್ಲಿ ಅವನು ಬರೆದ ಫ್ರೆಸ್ಕೊ ಇದೆ. ಸಪಾಟು ಗೋಡೆ. ಆದರೆ ಮುಂದೆ ನಿಂತರೆ ಗೋಡೆ ಕೊರೆದು ಒಳಗೆ ಕಮಾನಿನ ಕೋಣೆ ಕಟ್ಟಿದ್ದಾರೆ ಅನಿಸುತ್ತದೆ. ಗೆರೆಗಳೆಲ್ಲ ಸೇರುವ ಬಿಂದು ಶಿಲುಬೆಯ ಬುಡದಲ್ಲಿ, ನಿಂತು ನೋಡುವವರ ಕಣ್ಣಿನ ಎತ್ತರದಲ್ಲಿದೆ. ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ. ನೀವು ಈಗ ಇರುವಂತೆ ನಾನಿದ್ದೆ, ನಾನು ಈಗ ಇರುವಂತೆ ನೀವೂ ಆಗುತ್ತೀರಿ ಎಂಬ ಅರ್ಥದ ಸಾಲು ಅದರ ಮೇಲಿದೆ. ಇದನ್ನು ಬರೆದ ಸ್ವಲ್ಪ ಕಾಲಕ್ಕೇ ಮಸಾಚ್ಚೊ ತೀರಿಕೊಂಡ. ಇಪ್ಪತ್ತೇಳೂ ತುಂಬಿರಲಿಲ್ಲ ಅವನಿಗೆ.

## ಉತ್ತರದವರ ಎಣ್ಣೆ

ಇದೇ ಹೊತ್ತಿಗೆ ಉತ್ತರದಲ್ಲಿ, ಈಗಿನ ಬೆಲ್ಜಿಯಂ ಕಡೆ, ಬೇರೆಯದೇ ದಾರಿ ತೆರೆಯಿತು. ಅಲ್ಲಿಯವರು ಲೆಕ್ಕಕ್ಕಿಂತ ಹೊಳಪಿಗೆ ಸೋತರು. ಮೊಟ್ಟೆಯ ಬದಲು ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿದರು.

ಒಲೆಯ ಪಕ್ಕದ ಕಪಾಟಿನ ಮೇಲೆ ಎಣ್ಣೆ ಕೂತು, ದಿನ ಕಳೆದಂತೆ ಅಂಟಂಟಾಗಿ, ಕೊನೆಗೆ ಉಜ್ಜಿದರೂ ಹೋಗದ ಪೊರೆಯಾಗುತ್ತದೆ. ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕ ಸೇರಿ ಅದೇ ಗಟ್ಟಿಯಾಗುತ್ತದೆ. ಅಗಸೆ ಎಣ್ಣೆಯಲ್ಲಿ ಈ ಗುಣ ಜಾಸ್ತಿ. ಇದಕ್ಕೆ ದಿನಗಟ್ಟಲೆ ಸಮಯ ಹಿಡಿಯುತ್ತದೆ. ಕಲಾವಿದನಿಗೆ ಬೇಕಾದದ್ದೂ ಆ ಸಮಯವೇ. ನಿಧಾನವಾಗಿ ಬಣ್ಣ ಬೆರೆಸಬಹುದು, ತಿದ್ದಬಹುದು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು. ಎಣ್ಣೆಬಣ್ಣವನ್ನು ತೀರಾ ತೆಳುವಾಗಿ ಹಚ್ಚಿದರೆ ಅದು ಪಾರದರ್ಶಕ. ಬಣ್ಣದ ಗಾಜಿನ ಕಾಗದವನ್ನು ಒಂದರ ಮೇಲೊಂದು ಇಟ್ಟ ಹಾಗೆ ಪದರ ಪದರವಾಗಿ ಹಚ್ಚಬಹುದು. ಬೆಳಕು ಒಳಗಿಳಿದು, ತಳದ ಬಿಳಿಗೆ ತಾಗಿ, ಮತ್ತೆ ಹೊರಗೆ ಬರುತ್ತದೆ. ಹಾಗಾಗಿ ಮುತ್ತು, ರೇಷ್ಮೆ, ಹಿತ್ತಾಳೆ ಎಲ್ಲವೂ ಒಳಗಿನಿಂದ ಹೊಳೆದಂತೆ ಕಾಣುತ್ತವೆ.

ಈ ಕೈಚಳಕದಲ್ಲಿ ಎಲ್ಲರನ್ನೂ ಮೀರಿಸಿದವನು ಯಾನ್ ವಾನ್ ಐಕ್. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಅವನ 1434ರ ಚಿತ್ರದಲ್ಲಿ ಒಬ್ಬ ವ್ಯಾಪಾರಿ ಮತ್ತು ಹೆಂಡತಿ ಕೋಣೆಯಲ್ಲಿ ನಿಂತಿದ್ದಾರೆ. ಹಿಂದಿನ ಗೋಡೆಯ ಮೇಲೆ ಗುಂಡು ಕನ್ನಡಿ. ಅದರೊಳಗೆ ಅವರಿಬ್ಬರ ಬೆನ್ನು, ಬಾಗಿಲು, ಬಾಗಿಲಲ್ಲಿ ನಿಂತ ಇನ್ನಿಬ್ಬರು. ಕನ್ನಡಿಯ ಮೇಲೆ 'ಯಾನ್ ವಾನ್ ಐಕ್ ಇಲ್ಲಿದ್ದ, 1434' ಎಂದು ಬರೆದಿದ್ದಾನೆ.

ಎಣ್ಣೆಬಣ್ಣವನ್ನು ಇವನೇ ಕಂಡುಹಿಡಿದ ಎಂದು ಬಹುಕಾಲ ನಂಬಿದ್ದರು. ಅದು ತಪ್ಪು. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ ಬೌದ್ಧ ಚಿತ್ರಗಳಲ್ಲಿ, ಸುಮಾರು 7ನೇ ಶತಮಾನದಲ್ಲೇ, ಇಂಥ ಒಣಗುವ ಎಣ್ಣೆ ಬಳಸಿದ್ದು 2008ರಲ್ಲಿ ಗೊತ್ತಾಯಿತು. ಮೇರಿಯ ಸೆರಗಿನ ನೀಲಿ ಬಂದದ್ದೂ ಅದೇ ನಾಡಿನಿಂದ.

## ಮೋನಾಲೀಸಾದಲ್ಲಿ ಏನಿದೆ?

77 ಸೆಂಟಿಮೀಟರ್ ಎತ್ತರ, 53 ಅಗಲ. ನಮ್ಮ ಮನೆಯ ಕ್ಯಾಲೆಂಡರಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಇಟಲಿಯ ಲೆಕ್ಕ ಮತ್ತು ಉತ್ತರದ ಎಣ್ಣೆ ಇದರಲ್ಲಿ ಒಂದಾಗಿವೆ. ಲಿಯೊನಾರ್ಡೊ ಇದನ್ನು ಸುಮಾರು 1503ರಲ್ಲಿ ಶುರುಮಾಡಿ ವರ್ಷಗಟ್ಟಲೆ ತಿದ್ದಿದ. ಬಾಯಿಯ ತುದಿ, ಕಣ್ಣಿನ ಅಂಚು ಎಲ್ಲಿ ಮುಗಿಯುತ್ತವೆ ಎಂದು ಗೆರೆ ಎಳೆದು ಹೇಳಲಾಗುವುದಿಲ್ಲ. ಹೊಗೆಯ ಹಾಗೆ ಕರಗಿವೆ. ಇದಕ್ಕೆ ಸ್ಫುಮಾಟೊ ಎನ್ನುತ್ತಾರೆ. 2010ರಲ್ಲಿ ವಿಜ್ಞಾನಿಗಳು ಎಕ್ಸ್‌ರೇಯಿಂದ ಅಳೆದು ನೋಡಿದರು. ನೆರಳಿಗಾಗಿ ಹಚ್ಚಿದ ಪದರಗಳನ್ನೆಲ್ಲ ಸೇರಿಸಿದರೂ ಒಂದು ತಲೆಗೂದಲಿನ ದಪ್ಪ ಬರುವುದಿಲ್ಲ. ನಗು ಇದ್ದೂ ಇಲ್ಲದಂತೆ ಕಾಣುವುದು ಇದರಿಂದಲೇ. ಅಂಚು ಸಿಗದೆ ನಮ್ಮ ಕಣ್ಣು ತಡಕಾಡುತ್ತದೆ.

ಆಕೆಯ ಹಿಂದಿನ ಬೆಟ್ಟಗಳನ್ನೂ ನೋಡಿ. ದೂರ ಹೋದಂತೆ ನೀಲಿ, ಮಸುಕು. ಮಡಿಕೇರಿಯ ರಾಜಾಸೀಟಿನಲ್ಲಿ ನಿಂತವರಿಗೆ ಇದು ಗೊತ್ತಿರುವುದೇ. ನಡುವಿನ ಗಾಳಿ ದಪ್ಪವಾದಷ್ಟೂ ಬೆಟ್ಟ ನೀಲಿಯಾಗುತ್ತದೆ. ರೈಲು ಹಳಿಯಂಥ ಗೆರೆಗಳೇ ಇಲ್ಲದ ಕಡೆ ದೂರ ತೋರಿಸುವ ಉಪಾಯ ಇದು.

## ಚರ್ಚು ಒಡೆಯಿತು

1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಚರ್ಚಿನ ನಡವಳಿಕೆಯನ್ನು ಪ್ರಶ್ನಿಸಿದ. ಅಲ್ಲಿಂದ ಕ್ರೈಸ್ತ ಯೂರೋಪು ಎರಡಾಯಿತು. ಹಳೆಯ ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟೆಂಟರಲ್ಲಿ ಹಲವರಿಗೆ ಚರ್ಚಿನಲ್ಲಿ ಚಿತ್ರ ಇಡುವುದೇ ವಿಗ್ರಹಾರಾಧನೆ ಅನಿಸಿತು. 1566ರಲ್ಲಿ ಹಾಲೆಂಡ್, ಬೆಲ್ಜಿಯಂ ಕಡೆ ಗುಂಪುಗಳು ಚರ್ಚುಗಳಿಗೆ ನುಗ್ಗಿ ಲೆಕ್ಕವಿಲ್ಲದಷ್ಟು ಚಿತ್ರ, ಮೂರ್ತಿ ಒಡೆದುಹಾಕಿದವು. ಕ್ಯಾಥೊಲಿಕ್ ಚರ್ಚು ಚಿತ್ರ ಬಿಡಲಿಲ್ಲ. ಆದರೆ ಅದು ಸರಿಯಾಗಿ ಕಥೆ ಹೇಳಬೇಕು, ಭಕ್ತಿ ಹುಟ್ಟಿಸಬೇಕು, ಬೇಡದ್ದು ಏನೂ ಇರಬಾರದು ಎಂದಿತು.

ಈ ಬಿಗಿ ಎಷ್ಟಿತ್ತು ಎಂಬುದಕ್ಕೆ ವೆರೊನೇಸೆ ಎಂಬ ಕಲಾವಿದನ ಪ್ರಸಂಗ ಸಾಕು. ವೆನಿಸಿನ ಒಂದು ಮಠಕ್ಕೆ ಅವನು ಏಸುವಿನ ಕೊನೆಯ ಊಟದ ಚಿತ್ರ ಬರೆದ. ಹನ್ನೆರಡು ಮೀಟರಿಗೂ ಹೆಚ್ಚು ಅಗಲ. ಅದರಲ್ಲಿ ಕೋಡಂಗಿ, ನಾಯಿ, ಮೂಗಿನಿಂದ ರಕ್ತ ಸೋರುತ್ತಿರುವ ಸೇವಕ, ಜರ್ಮನ್ ಸಿಪಾಯಿಗಳು ಎಲ್ಲ ಇದ್ದರು. 1573ರ ಜುಲೈನಲ್ಲಿ ಧರ್ಮವಿಚಾರಣೆಯ ಮಂಡಳಿ ಅವನನ್ನು ಕರೆಸಿತು. ಇವರೆಲ್ಲ ಇಲ್ಲಿ ಯಾಕೆ ಎಂದು ಕೇಳಿತು. ಕವಿಗಳಿಗೆ ಇರುವ ಸ್ವಾತಂತ್ರ್ಯ ನಮಗೂ ಇದೆ ಎಂಬ ಅರ್ಥದಲ್ಲಿ ಅವನು ಉತ್ತರಿಸಿದ. ಮೂರು ತಿಂಗಳಲ್ಲಿ ಚಿತ್ರ ತಿದ್ದಬೇಕು ಎಂದು ಆಜ್ಞೆಯಾಯಿತು. ಅವನು ಚಿತ್ರವನ್ನು ಹಾಗೇ ಬಿಟ್ಟು ಹೆಸರು ಬದಲಿಸಿದ. ಅದು 'ಲೇವಿಯ ಮನೆಯ ಔತಣ' ಆಯಿತು. ಆ ಔತಣಕ್ಕೆ ಪಾಪಿಗಳೂ ಬಂದಿದ್ದರು ಎಂದು ಬೈಬಲ್ಲಿನಲ್ಲೇ ಇದೆ.

ಇಷ್ಟು ದೊಡ್ಡ ಚಿತ್ರವನ್ನು ಗೋಡೆಗೆ ಬರೆಯದೆ ಬಟ್ಟೆಗೆ ಬರೆದದ್ದಕ್ಕೂ ಕಾರಣವಿದೆ. ವೆನಿಸ್ ನೀರಿನ ಮೇಲಿನ ಊರು. ತೇವಕ್ಕೆ ಫ್ರೆಸ್ಕೊ ಹಾಳಾಗುತ್ತದೆ. ಹಡಗಿನ ಪಟದ ಬಟ್ಟೆಗೆ ಅಲ್ಲಿ ಬರವಿರಲಿಲ್ಲ. ಕ್ಯಾನ್ವಾಸ್ ಅಲ್ಲಿಂದಲೇ ಬಹಳವಾಗಿ ಹರಡಿತು.

1600ರ ಸುಮಾರಿಗೆ ರೋಮಿನಲ್ಲಿ ಕರವಾಜ್ಯೊ ಎಂಬ ಕಲಾವಿದ ಹೆಸರಾದ. ಇಲ್ಲಿಂದ ಮುಂದಿನ ಸುಮಾರು ಒಂದೂವರೆ ಶತಮಾನಕ್ಕೆ ಬರೋಕ್ ಎಂಬ ಹೆಸರು. ಭಾವ ಜಾಸ್ತಿ, ಚಲನೆ ಜಾಸ್ತಿ. ಕರೆಂಟ್ ಹೋದ ರಾತ್ರಿ ಯಾರೋ ಬಾಗಿಲಲ್ಲಿ ನಿಂತು ಟಾರ್ಚ್ ಬಿಟ್ಟರೆ ಹೇಗೆ ಅರ್ಧ ಮುಖ ಬೆಳಗಿ ಉಳಿದದ್ದೆಲ್ಲ ಕತ್ತಲಾಗುತ್ತದೋ, ಅವನ ಚಿತ್ರಗಳು ಹಾಗಿವೆ. ಸಂತ ಮ್ಯಾಥ್ಯೂನನ್ನು ಏಸು ಕರೆಯುವ ಚಿತ್ರದಲ್ಲಿ ಸುಂಕ ವಸೂಲಿಯವರು ಮೇಜಿನ ಸುತ್ತ ಕೂತು ದುಡ್ಡು ಎಣಿಸುತ್ತಿದ್ದಾರೆ. ಬಟ್ಟೆ ಆ ಕಾಲದ ರೋಮಿನವರದ್ದೇ. ಬಲಗಡೆಯಿಂದ ಒಂದು ಬೆಳಕಿನ ಪಟ್ಟಿ, ಅದರ ಕೆಳಗೆ ಚಾಚಿದ ಒಂದು ಕೈ. ಚಿನ್ನದ ಹಿನ್ನೆಲೆ ಮಾಡುತ್ತಿದ್ದ ಕೆಲಸವನ್ನು ಈಗ ಈ ಬೆಳಕು ಮಾಡುತ್ತಿದೆ. ಈ ಚಿತ್ರ ಇಂದಿಗೂ ಬರೆದ ಚರ್ಚಿನಲ್ಲೇ ಇದೆ.

## ಸಂತೆಗೆ ಬಂದ ಚಿತ್ರ

ಸುಣ್ಣ ಬಳಿದ ಪ್ರಾಟೆಸ್ಟೆಂಟ್ ಚರ್ಚುಗಳು ಚಿತ್ರ ಬರೆಸುವುದಿಲ್ಲ ಅಂದಮೇಲೆ ಹಾಲೆಂಡಿನ ಕಲಾವಿದರ ಹೊಟ್ಟೆಪಾಡು? ಹಡಗು ವ್ಯಾಪಾರದಿಂದ ಅಲ್ಲಿ ಸಾಮಾನ್ಯರ ಕೈಯಲ್ಲೂ ದುಡ್ಡಿತ್ತು. ಚಿತ್ರಗಳು ಅಂಗಡಿಗೆ, ಜಾತ್ರೆಗೆ, ಲಾಟರಿಗೆ ಬಂದವು. ಕೊಳ್ಳುವವರಿಗೆ ತಮ್ಮ ಮನೆಯ ಅಳತೆಗೆ ಹೊಂದುವ, ತಮ್ಮ ಬದುಕು ಕಾಣುವ ಚಿತ್ರ ಬೇಕಿತ್ತು. ಹಸು, ಹೊಳೆ, ಹಾಲು ಸುರಿಯುವ ಕೆಲಸದಾಕೆ, ತಟ್ಟೆಯಲ್ಲಿ ಅರ್ಧ ಸುಲಿದ ನಿಂಬೆಹಣ್ಣು. ಮೊದಲೇ ಬರೆದಿಟ್ಟು ಆಮೇಲೆ ಮಾರುವುದು ಮಾಮೂಲಾಯಿತು.

ಹಾಲು ಸುರಿಯುವಾಕೆಯನ್ನು ಬರೆದ ವರ್ಮೀರನ ಸುಮಾರು 35 ಚಿತ್ರಗಳು ಮಾತ್ರ ಉಳಿದಿವೆ. ಅವನು ದುಬಾರಿ ಅಲ್ಟ್ರಾಮರೀನನ್ನು ಧಾರಾಳವಾಗಿ ಹಚ್ಚಿದ, ಅದೂ ಮನೆಗೆಲಸದವಳ ಬಟ್ಟೆಗೆ. ಅವನು ಸತ್ತಾಗ ಮನೆಯಲ್ಲಿ ಸಾಲ ತುಂಬಿತ್ತು. ಬೇಕರಿಯವನಿಗೆ ಕೊಡಬೇಕಾದ 617 ಗಿಲ್ಡರ್‌ಗೆ ಹೆಂಡತಿ ಎರಡು ಚಿತ್ರಗಳನ್ನು ಒತ್ತೆಯಿಟ್ಟಳು.

ಈ ಮಾರುಕಟ್ಟೆಯಲ್ಲಿ ಹೆಂಗಸರೂ ಇದ್ದರು. ಯೂಡಿತ್ ಲೈಸ್ಟರ್ 1633ರಲ್ಲಿ ಹಾರ್ಲೆಮ್ ಊರಿನ ಕಲಾವಿದರ ಸಂಘಕ್ಕೆ ಸದಸ್ಯೆಯಾದಳು. ಆದರೆ ಸತ್ತ ಮೇಲೆ ಅವಳ ಚಿತ್ರಗಳು ಫ್ರಾನ್ಸ್ ಹಾಲ್ಸ್ ಎಂಬ ಗಂಡು ಕಲಾವಿದನ ಹೆಸರಲ್ಲಿ ಮಾರಾಟವಾದವು. 1893ರಲ್ಲಿ ಅಂಥ ಒಂದು ಚಿತ್ರದ ಮೇಲೆ ನಕ್ಷತ್ರವಿರುವ ಅವಳ ಗುರುತು ಕಂಡಿತು. ಅವಳ ಹೆಸರಿನ ಅರ್ಥವೇ ದಿಕ್ಕು ತೋರುವ ನಕ್ಷತ್ರ. ಆ ಚಿತ್ರ ಈಗ ಲೂವ್ರ್‌ನಲ್ಲಿದೆ. ಮೋನಾಲೀಸಾ ಕಡೆ ಓಡುವಾಗ ಹತ್ತು ನಿಮಿಷ ಇದಕ್ಕೂ ಇಡಿ.

ಹಾಲೆಂಡಿನ ವ್ಯಾಪಾರದ ಹಡಗುಗಳು ನಮ್ಮ ದೇಶದ ಚಿತ್ರಗಳನ್ನೂ ಆಮ್‌ಸ್ಟರ್‌ಡ್ಯಾಮ್‌ಗೆ ಒಯ್ದವು. ಅಲ್ಲಿನ ಕಲಾವಿದ ರೆಂಬ್ರಾಂಟ್ ಮೊಘಲ್ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಮಾಡಿದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಅವುಗಳಲ್ಲಿ ಷಹಜಹಾನನೂ ಇದ್ದಾನೆ. ನೆರಳು ಬೆಳಕಿನಲ್ಲಿ ರೆಂಬ್ರಾಂಟನನ್ನು ಮೀರಿದವರಿರಲಿಲ್ಲ. ಅಂಥವನು ಇಲ್ಲಿನ ಸೂಕ್ಷ್ಮ ಗೆರೆಯನ್ನು ಕಲಿಯಲು ಕೂತಿದ್ದ.

## ತೈಲಚಿತ್ರ ಮೈಸೂರಿಗೆ

1648ರಲ್ಲಿ ಪ್ಯಾರಿಸಿನಲ್ಲಿ ರಾಜಾಶ್ರಯದ ಕಲಾ ಅಕಾಡೆಮಿ ಶುರುವಾಯಿತು. ಪುರಾಣ, ಇತಿಹಾಸದ ಚಿತ್ರ ಎಲ್ಲಕ್ಕಿಂತ ಮೇಲು, ಹಣ್ಣು ಹೂವಿನ ಚಿತ್ರ ಕೆಳಗೆ ಎಂಬ ಮೆಟ್ಟಿಲು ಅಲ್ಲಿ ಗಟ್ಟಿಯಾಯಿತು. ಅದು ಎರಡು ಶತಮಾನ ನಡೆಯಿತು. 1839ರಲ್ಲಿ ಫೋಟೊಗ್ರಫಿ ಲೋಕಕ್ಕೆ ತೆರೆದುಕೊಂಡಿತು. ಕಂಡದ್ದನ್ನು ಕಂಡಂತೆ ಹಿಡಿಯುವ ಕೆಲಸಕ್ಕೆ ಒಂದು ಯಂತ್ರ ಬಂತು. 1841ರಲ್ಲಿ ಬಣ್ಣ ತುಂಬಿದ ತಗಡಿನ ಟ್ಯೂಬ್ ಬಂತು, ಕಲಾವಿದರು ಕೋಣೆ ಬಿಟ್ಟು ಬಯಲಿಗೆ ಹೊರಟರು. ಆಧುನಿಕ ಕಲೆ ಅಲ್ಲಿಂದ ಮುಂದಿನ ಮಾತು.

ಯೂರೋಪು ಹೊಸ ದಾರಿ ಹಿಡಿದ ಹೊತ್ತಿಗೆ ಅದರ ಹಳೆಯ ವಿದ್ಯೆ ನಮ್ಮಲ್ಲಿಗೆ ಬಂದಿತ್ತು. ರಾಜಾ ರವಿವರ್ಮ ಅದೇ ಎಣ್ಣೆ, ಅದೇ ನೆರಳು ಬೆಳಕು, ಅದೇ ದೂರದ ಲೆಕ್ಕ ಬಳಸಿ ನಮ್ಮ ಪುರಾಣಗಳನ್ನು ಬರೆದ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಚಿತ್ರಗಳಿವೆ. 1894ರಲ್ಲಿ ಮುಂಬಯಿಯಲ್ಲಿ ಅವನು ಅಚ್ಚುಕೂಟ ತೆರೆದ ಮೇಲೆ ಅವು ಮನೆಮನೆಗೂ ಬಂದವು. ಹಳೆಯ ಮನೆಯೊಂದರ ದೇವರ ಗೂಡಿನಲ್ಲಿ ಅವನ ಲಕ್ಷ್ಮಿಯ ಪಟ ಸಿಕ್ಕರೆ ಸ್ವಲ್ಪ ಹೊತ್ತು ನೋಡಿ. ದೇವಿ ತಾವರೆಯ ಮೇಲೆ ನಿಂತಿದ್ದಾಳೆ. ಒಂದೇ ಕಡೆಯಿಂದ ಬಿದ್ದ ಬೆಳಕಿಗೆ ಸೀರೆಯ ನೆರಿಗೆಗಳು ಉಬ್ಬಿ ಕಾಣುತ್ತವೆ. ಹಿಂದೆ ನೀರು, ಅದರಾಚೆ ದೂರಕ್ಕೆ ಮಸುಕಾಗುತ್ತಾ ಹೋಗುವ ದಡ.